ಎಡಗಡೆಯ ತಗಡು

ರಾಯಚೂರಿನ ಆರ್‌ಟಿಓ ಕಚೇರಿಯ ಗೇಟಿನ ಹೊರಗೆ ಬೇವಿನ ಮರದ ಬುಡದಲ್ಲಿ ಒಂದು ಪ್ಲಾಸ್ಟಿಕ್ ಸ್ಟೂಲು, ಒಂದು ಪೆನ್ಸಿಲ್ ಡಬ್ಬಿ, ಸೀಮೆಎಣ್ಣೆಯ ಬಾಟಲಿ. ನಾಗವೇಣಿಯ ಅಂಗಡಿ ಅಷ್ಟೇ. ಮಾಲೀಕರ ಹೆಸರು ಬದಲಾಯಿಸಲು, ಬೇರೆ ಜಿಲ್ಲೆಗೆ ಒಯ್ಯಲು ಬಂದ ಗಾಡಿಗಳ ಚಾಸಿ ನಂಬರನ್ನು ಅವಳು ಕಾಗದಕ್ಕೆ ಎತ್ತಿಕೊಡುತ್ತಾಳೆ. ಎಣ್ಣೆಯಿಂದ ಜಿಡ್ಡು ಒರೆಸಿ, ತೆಳ್ಳನೆಯ ಕಾಗದ ಒತ್ತಿಹಿಡಿದು, ಪೆನ್ಸಿಲನ್ನು ಮಲಗಿಸಿ ಉಜ್ಜಿದರೆ ಕಬ್ಬಿಣದಲ್ಲಿ ಕೊರೆದ ಅಂಕಿ ಕಾಗದದ ಮೇಲೆ ಬಿಳಿಯಾಗಿ ಏಳುತ್ತದೆ. ಅದನ್ನು ಅರ್ಜಿಗೆ ಅಂಟಿಸಬೇಕು. ಮೊದಲು ಗಂಡ ಮಾಡುತ್ತಿದ್ದ ಕೆಲಸ. ಗಂಡ ಸತ್ತ ತಿಂಗಳಲ್ಲೇ ಅವಳು ಬಂದು ಸ್ಟೂಲಿನ ಮೇಲೆ ಕೂತಳು. ಹೆಂಗಸು ಲಾರಿಯ ಕೆಳಗೆ ಅಂಗಾತ ಮಲಗುವುದನ್ನು ನೋಡಲು ಮೊದಮೊದಲು ಮಂದಿ ಚಹಾ ಹಿಡಿದು ನಿಲ್ಲುತ್ತಿದ್ದರು. ಹನ್ನೆರಡು ವರ್ಷಗಳಾದವು. ಈಗ ನೋಡುವವರಿಲ್ಲ. ಕದ್ದ ಗಾಡಿಯ ನಂಬರು ತಿದ್ದಿದ್ದರೆ ಬ್ರೇಕ್ ಇನ್ಸ್‌ಪೆಕ್ಟರರಿಗಿಂತ ಮೊದಲು ನಾಗವೇಣಿಯ ಪೆನ್ಸಿಲ್ಲಿಗೆ ಗೊತ್ತಾಗುತ್ತದೆ ಎಂದು ಏಜೆಂಟರು ಹೇಳುತ್ತಾರೆ.

ಆ ಮಾತು ಕೇಳಿಯೇ ಹೈದರಾಬಾದಿನ ಕಹಕಶಾನ್ ಅವಳನ್ನು ಹುಡುಕಿಕೊಂಡು ಬಂದಳು. ಅಪರೂಪದ ಹಳೆ ಕಾರುಗಳ ಮೂಲ ಶೋಧಿಸುವುದು ಕಹಕಶಾನಳ ಉದ್ಯೋಗ. ಯಾವ ಕಾರು ಎಲ್ಲಿ ಹುಟ್ಟಿತು, ಯಾರ ಯಾರ ಕೈ ದಾಟಿತು, ಅಸಲಿಯೋ ನಕಲಿಯೋ ಎಂದು ಅವಳು ವರದಿ ಬರೆದ ಮೇಲೆಯೇ ಶ್ರೀಮಂತರು ಕೊಳ್ಳುವುದು. ತಾಯಿಯ ತವರು ರಾಯಚೂರಿನ ಕೋಟೆಯೊಳಗಿನ ಅಂದ್ರೂನ್ ಕಿಲ್ಲಾ ಓಣಿ. ಕನ್ನಡ ಅಲ್ಲಿಂದ ಬಂದದ್ದು.

"ಒಂದು ಗಾಡಿ ಪ್ರಿಂಟ್ ತೆಗೀಬೇಕು. ಮಾನ್ವ್ಯಾಗ ಅದ," ಎಂದಳು.

"ಯಾವ ಗಾಡಿ ರೀ? ಟ್ರ್ಯಾಕ್ಟರಾ?"

"ಮಸ್ಟಾಂಗ್. ಅಮೆರಿಕಾದ್ದು, ಅರವತ್ತೊಂಬತ್ತರದು. ಮಸಲ್ ಕಾರ್ ಅಂತಾರ. ಎಂಟು ಸಿಲಿಂಡರ್. ಶುರು ಮಾಡಿದ್ರ ಎದಿಯೊಳಗ ದನ ಓಡಿದಂಗ ಆಗತದ. ಇಂಥಾವು ನಮ್ಮ ದೇಶದಾಗ ಬೆರಳ ಮ್ಯಾಲೆ ಎಣಿಸಬೇಕು." ಫೋನು ತಿರುಗಿಸಿ ಚಿತ್ರ ತೋರಿಸಿದಳು.

ಕೆಂಪು ಕಾರು. ಉದ್ದ ಮೂಗು.

"ಸೂಗನಗೌಡ್ರ ಗಾಡಿ," ಎಂದಳು ನಾಗವೇಣಿ.

"ಗೊತ್ತಾ ನಿಮಗ?"

"ದೇವದುರ್ಗದಾಕಿ ರೀ ನಾನು. ಸಣ್ಣಾಕಿದ್ದಾಗ ನೋಡೀನಿ."

ಆ ಗಾಡಿಯ ಸಲುವಾಗಿ ಅವಳ ಅಪ್ಪ ಗದ್ದೆಪ್ಪ ಒಂದೂವರೆ ವರ್ಷ ಜೈಲಿನಲ್ಲಿದ್ದ ಎಂಬುದನ್ನು ಅವಳು ಹೇಳಲಿಲ್ಲ.

ಗದ್ದೆಪ್ಪ ದೇವದುರ್ಗದ ಗೌಡರ ವಾಡೆಯಲ್ಲಿ ಮೆಕ್ಯಾನಿಕ್ಕು, ಹೊಲದ ಜೀಪಿಗೆ ಡ್ರೈವರು. ದೇಶ ಬಿಟ್ಟು ಹೊರಟಿದ್ದ ಅಮೆರಿಕದ ಎಂಜಿನಿಯರನೊಬ್ಬನಿಂದ ಕೆಂಪು ಕಾರನ್ನು ಹಿರಿಗೌಡ ಬೊಂಬಾಯಿಯಲ್ಲಿ ಕೊಂಡು ತಂದಿದ್ದ. 1989ರ ಜನವರಿಯ ಒಂದು ಸಂಜೆ, ಇನ್ನೂ ಬೆಳಕಿರುವಾಗಲೇ, ಗೂಗಲ್ ಊರಿನ ರಸ್ತೆಯಲ್ಲಿ ಹತ್ತಿ ಬಿಡಿಸಿ ಗಂಟು ಹೊತ್ತು ಬರುತ್ತಿದ್ದ ದುರುಗಮ್ಮ ಎಂಬ ಕೂಲಿ ಹೆಣ್ಣುಮಗಳನ್ನು ಆ ಕಾರು ಎತ್ತಿ ಒಗೆಯಿತು. ಓಡಿಸುತ್ತಿದ್ದವನು ಹಿರಿಗೌಡನ ಮಗ, ಇಪ್ಪತ್ತೆರಡರ ಸೂಗನಗೌಡ. ಮೂರು ದಿನಗಳ ನಂತರ ಬರೆದ ಕೇಸಿನ ಕಾಗದದಲ್ಲಿ ಕಾರು ಜೀಪಾಗಿತ್ತು, ಸೂಗನಗೌಡ ಗದ್ದೆಪ್ಪನಾಗಿದ್ದ. "ನೀ ಹೊರಗ ಬರೋತನಕ ನಿನ್ನ ಹೆಂಡ್ತಿ, ಮಗಳು ನಮ್ಮ ಕೊಟ್ಟಿಗ್ಯಾಗ ಇರ್ಲಿ. ನಾವು ನೋಡ್ಕೊಂತೀವಿ," ಎಂದಿದ್ದ ಹಿರಿಗೌಡ. ಆತ ಹಾಗೆ ಅಭಯ ಕೊಡುತ್ತಿದ್ದಾಗ ಕೊಟ್ಟಿಗೆಗೆ ಹೊರಗಿನಿಂದ ಚಿಲಕ ಬಿದ್ದಿತ್ತು. ಒಳಗೆ ಹೆಂಡತಿ ಮಾನಮ್ಮ ಮತ್ತು ಆರು ವರ್ಷದ ನಾಗವೇಣಿ. ಗದ್ದೆಪ್ಪ ಕೋರ್ಟಿನಲ್ಲಿ ಕೈಮುಗಿದು, ನಾನೇ ಎಂದ.

ಸತ್ತ ದುರುಗಮ್ಮನ ಮಗಳು ಹನುಮಂತಮ್ಮ ಅದೇ ಕೇರಿಯವಳು, ಗದ್ದೆಪ್ಪನ ಮನೆಯಿಂದ ನಾಲ್ಕನೆಯ ಬಾಗಿಲು. ಮೂವತ್ತಾರು ವರ್ಷಗಳಿಂದ ಅವಳು ಗದ್ದೆಪ್ಪನ ಮನೆಯ ನೀರು ಮುಟ್ಟಿಲ್ಲ. ಅವಳು ಮುಟ್ಟದ್ದನ್ನು ಕೇರಿಯೂ ಮುಟ್ಟಲಿಲ್ಲ. ಊರು ಕೇರಿಗೆ ಮಾಡಿದ್ದನ್ನು ಕೇರಿ ಒಂದು ಮನೆಗೆ ಮಾಡಿತು. ಮಾನಮ್ಮ ಸತ್ತಾಗ ಹೆಣ ಹೊರಲು ಹೆಗಲು ಸಿಗದೆ ರಾಯಚೂರಿನಿಂದ ಅಳಿಯನ ಗೆಳೆಯರು ಟೆಂಪೋ ಮಾಡಿಕೊಂಡು ಬರಬೇಕಾಯಿತು. ಗದ್ದೆಪ್ಪನಿಗೆ ಈಗ ಎಪ್ಪತ್ತಾರು. ಪ್ರತಿ ಸಲ ಮಗಳು ಬಂದಾಗ ಒಂದೇ ಮಾತು: "ಹನುಮಿ ನಮ್ಮನ್ಯಾಗ ಕುಂತು ಒಂದು ಲೋಟ ನೀರು ಕುಡೀಬೇಕು. ನಾ ಅವರವ್ವನ್ನ ಕೊಂದಿಲ್ಲ ಅಂತ ಆಕಿಗೆ ಗೊತ್ತಾಗಬೇಕು. ಆಮ್ಯಾಲ ಸಾವು ಬಂದ್ರೂ ಬರ್ಲಿ."

ಆದ್ದರಿಂದ ನಾಗವೇಣಿ ಪೆನ್ಸಿಲ್ ಡಬ್ಬಿ ಎತ್ತಿಕೊಂಡು ಕಹಕಶಾನಳ ಹಿಂದೆ ಹೊರಟಳು.

ಮಾನ್ವಿಯಲ್ಲಿ ಸೂಗನಗೌಡನದೊಂದು ರೈಸ್‌ಮಿಲ್ಲು. ಹಿಂದಿನ ಗೋದಾಮಿನಲ್ಲಿ ತೌಡಿನ ಧೂಳು ಬೀಳದ ಹಾಗೆ ಎರಡು ಪದರದ ತಾಡಪತ್ರಿಯಲ್ಲಿ ಕಾರನ್ನು ಸುತ್ತಿಟ್ಟಿದ್ದರು. ಐವತ್ತೆಂಟರ ಗೌಡ ಬಿಳಿ ಅಂಗಿಯಲ್ಲಿ ಬಂದು ನಿಂತ. ಹಮಾಲರು ತಾಡಪತ್ರಿ ಎಳೆದರು. ಒಳಗೆ ಕಾರು ಹೊಸ ಮದುಮಗಳ ಹಾಗೆ ಹೊಳೆಯುತ್ತಿತ್ತು.

"ಒಂದು ಗೀರು ಬಿದ್ದಿಲ್ಲ ನೋಡ್ರಿ ಮೇಡಮ್ಮೋರ," ಎಂದ. "ಆ ಸೀಟಿನ ಮ್ಯಾಲೆ ನಮ್ಮಪ್ಪ ಮತ್ತ ನಾನು ಬಿಟ್ರ ಮೂರನೇದಾಂವ ಕುಂತಿಲ್ಲ. ಮಡಿಲೆ ಇಟ್ಟೀವಿ ಅನ್ರಿ."

ಕಹಕಶಾನ್ ನಕ್ಕಳು. ಇಂಥ ಮಾತು ಅವಳು ಪ್ರತಿ ಗೋದಾಮಿನಲ್ಲೂ ಕೇಳುತ್ತಾಳೆ. ಗೌಡ ಅವಳಿಗೆ ಗಾಜಿನ ಗ್ಲಾಸಿನಲ್ಲಿ ಮಜ್ಜಿಗೆ ಕೊಡಿಸಿದ. ನಾಗವೇಣಿಗೆ ಬಿಸಾಡುವ ಪೇಪರ್ ಕಪ್ಪಿನಲ್ಲಿ ಬಂತು.

"ಯಾವೂರಾಕಿ ಬೇ ನೀ?" ಎಂದು ಕೇಳಿದ.

"ರಾಯಚೂರ್ರಿ."

"ಯಾರ ಪೈಕಿ?"

"ಆರ್‌ಟಿಓ ಪೈಕಿ ರೀ."

ಹಮಾಲರಲ್ಲೊಬ್ಬ ಕಿಸಕ್ಕನೆ ನಕ್ಕ. ಗೌಡ ಅವಳ ಮುಖ ನೋಡಲಿಲ್ಲ. ಅವಳಪ್ಪನ ಮುಖವನ್ನೂ ಅವನು ಎಂದೂ ನೋಡಿದವನಲ್ಲ. ಗದ್ದೆಪ್ಪ ಅವನಿಗೆ ಕಾರಿನಡಿಯಿಂದ ಚಾಚಿಕೊಂಡ ಎರಡು ಕಾಲು.

ಆ ಕಾರಿನ ನಂಬರಿನಲ್ಲಿ ಹನ್ನೊಂದು ಅಕ್ಷರ, ಅಂಕಿ. ಯಾವ ವರ್ಷ, ಯಾವ ಕಾರ್ಖಾನೆ, ಯಾವ ಇಂಜಿನ್ ಎಂಬುದೆಲ್ಲ ಅದರಲ್ಲೇ ಇರುತ್ತದೆ. ಬಾನೆಟ್ಟಿನ ಕೆಳಗೆ, ಮುಂದಿನ ಗಾಲಿಗಳ ಮೇಲಿನ ಒಳತಗಡುಗಳಲ್ಲಿ, ಎಡಕ್ಕೂ ಬಲಕ್ಕೂ ಅದೇ ನಂಬರು ಇರಬೇಕು; ಇಂಜಿನ್ನಿನ ಮೈಮೇಲೆ ಅದರ ಕೊನೆಯ ಆರು ಅಂಕಿ. ಮೂರೂ ಕೂಡಬೇಕು, ಮೂರೂ ಕಾರ್ಖಾನೆಯದೇ ಪೆಟ್ಟಾಗಿರಬೇಕು. ಎರಡು ಮುರುಕು ಗಾಡಿ ಕೂಡಿಸಿ ಒಂದು ಅಸಲಿ ಎಂದು ಮಾರುವವರು ದೇಶದ ತುಂಬ ಇದ್ದಾರೆ.

ಇಂಜಿನ್ನು ಕೂಡಿತು. ಬಲಗಡೆ ಮಡ್‌ಗಾರ್ಡ್ ಬಿಚ್ಚಿಸಿ ನಾಗವೇಣಿ ಉಜ್ಜಿದಳು. ಹನ್ನೊಂದೂ ಒಂದೇ ಆಳ, ಒಂದೇ ಸಾಲು. ಯಂತ್ರದ ಪೆಟ್ಟು. ಆಮೇಲೆ ಎಡಗಡೆ ಬಗ್ಗಿದಳು. ಪೆನ್ಸಿಲು ಮೂರನೆಯ ಅಂಕಿ ದಾಟುವಷ್ಟರಲ್ಲಿ ಅವಳು ಕಾಗದ ಸರಿಸಿ ತಗಡನ್ನು ಬೆರಳಿನಿಂದ ಸವರಿದಳು. ನಂಬರು ಅದೇ. ಆದರೆ ಒಂದು ಅಂಕಿ ಆಳ, ಒಂದು ತೇಲು. ಪ್ರತಿ ಅಂಕಿಯ ಅಡಿಯಲ್ಲಿ ಸೂಜಿಯ ಮೊನೆಯಷ್ಟು ಒಂದು ಚುಕ್ಕೆ.

ಗದ್ದೆಪ್ಪ ಪಂಚು ಹೊಡೆಯುವ ಕ್ರಮ ಅದು. ಮೊದಲು ಮೊಳೆಯಿಂದ ಜಾಗಕ್ಕೊಂದು ಚುಕ್ಕೆ, ಅದರ ಮೇಲೆ ಪಂಚು ನಿಲ್ಲಿಸಿ ಒಂದೇ ಪೆಟ್ಟು. ಜೈಲಿನಿಂದ ಬಂದ ಮೇಲೆ ಲೈಸನ್ಸು ಹೋಗಿತ್ತು. ಸಂತೆಯಲ್ಲಿ ಕೂತು ಮದುವೆಯ ಪಾತ್ರೆಗಳಿಗೆ ಹೆಸರು ಹೊಡೆದೇ ಅವನು ಮಗಳನ್ನು ಸಾಕಿದ್ದು. ಆ ಚುಕ್ಕೆಗಳನ್ನು ಬೆರಳಿನಿಂದ ಸವರುತ್ತಲೇ ನಾಗವೇಣಿ ಅಕ್ಷರ ಕಲಿತಿದ್ದಳು.

ಕಹಕಶಾನ್ ಎರಡು ಕಾಗದಗಳನ್ನೂ ಬೆಳಕಿಗೆ ಹಿಡಿದಳು. "ಗೌಡ್ರೇ, ಎಡಗಡಿ ತಗಡು ಅಸ್ಲಿ ಅಲ್ಲ. ಯಾರೋ ಹೊಸಾ ತಗಡು ಕೂಡ್ಸಿ ಕೈಲೆ ನಂಬರ್ ಹೊಡ್ದಾರ. ಯಾಕ, ಯಾವಾಗ, ಯಾರು ಅಂತ ಜವಾಬು ಬೇಕು. ಇಲ್ಲಂದ್ರ ನಾ ನಕ್ಲಿ ಅಂತ ಬರೀತೀನಿ."

ಗೌಡನ ಮುಖ ಸಪ್ಪಗಾಯಿತು. "ಅದು ನಮ್ಮಪ್ಪನ ಕಾಲದಾಗ ಏನೋ... ನಂಗ ನೆನಪಿಲ್ರಿ."

ವಾಪಸು ಬರುವಾಗ ಕಲ್ಮಲ ಕ್ರಾಸಿನ ಚಹಾದಂಗಡಿಯಲ್ಲಿ ಗಾಡಿ ನಿಂತಾಗ ನಾಗವೇಣಿ ಬಾಯಿ ಬಿಟ್ಟಳು. ತನ್ನ ಬುತ್ತಿಡಬ್ಬಿಯ ಮುಚ್ಚಳ ತೆಗೆದು ಮುಂದಿಟ್ಟಳು. ಅದರ ಮೇಲೆ ಅವಳ ಹೆಸರು, ಪ್ರತಿ ಅಕ್ಷರದ ಅಡಿಗೆ ಚುಕ್ಕೆ.

"ಆ ತಗಡು ಹೊಡೆದಾಂವ ನಮ್ಮಪ್ಪ ರೀ, ಮೇಡಂ."

ಕಹಕಶಾನ್ ಭೂತಗನ್ನಡಿ ತೆಗೆದು ಮುಚ್ಚಳ ನೋಡಿದಳು, ಕಾಗದ ನೋಡಿದಳು, ಮತ್ತೆ ಮುಚ್ಚಳ ನೋಡಿದಳು. ಅವಳ ಕಣ್ಣು ಮಿಂಚಿತು. ನಾಗವೇಣಿಗೆ ಅದು ಕರುಣೆ ಅನ್ನಿಸಿತು. "ಯಾ ಅಲ್ಲಾ! ಇಷ್ಟು ಪಕ್ಕಾ ಸಬೂತು ನಂಗ ಎಂದೂ ಸಿಕ್ಕಿಲ್ಲ. ಬರ್ದು ಕೊಡ್ತೀಯಾ? ಸಹಿ ಮಾಡಿ?"

"ವರದ್ಯಾಗ ಬರತದೇನ್ರಿ ಅದು? ಅಚ್ಚಿನಾಗ?"

"ಬಂದೇ ಬರತದ."

ನಾಗವೇಣಿ ಚಹಾದಂಗಡಿಯ ಬೆಂಚಿನ ಮೇಲೆ ಕೂತು ಎರಡು ಪುಟ ಬರೆದಳು. ದುರುಗಮ್ಮನಿಗೆ ಬಡಿದದ್ದು ಜೀಪಲ್ಲ, ಈ ಕಾರು. ಜೀಪಿನ ಕೇಸು ಸುಳ್ಳು. ಕಾರಿನ ಎಡಮೂತಿ ಜಜ್ಜಿಹೋಗಿತ್ತು. ನನ್ನ ತಂದೆ ಗದ್ದೆಪ್ಪ ಮೂರು ದಿನ ವಾಡೆಯಲ್ಲಿ ಕೂತು ಬೇರೆ ತಗಡು ಕೂಡಿಸಿ, ಬಲಗಡೆಯ ನಂಬರು ನೋಡಿ ಎಡಗಡೆ ಹೊಡೆದ. ನಾಲ್ಕನೆಯ ದಿನ ಅವನನ್ನು ಜೈಲಿಗೆ ಕಳಿಸಿದರು. ಚುಕ್ಕೆಗಳನ್ನು ನೋಡಿರಿ, ಅವು ಅವನ ಕೈಯವು.

ಕಾರನ್ನು ಯಾರು ಓಡಿಸುತ್ತಿದ್ದರು ಎಂದು ಅವಳು ಬರೆಯಲಿಲ್ಲ. ಹೆದರಿ ಬಿಟ್ಟದ್ದಲ್ಲ. ಅದು ಬರೆಯಬೇಕಾದ ಸಂಗತಿ ಎಂದು ಅವಳಿಗೆ ಹೊಳೆಯಲೇ ಇಲ್ಲ. ಕೇರಿಯ ಗದ್ದೆಪ್ಪ ಆ ಕಾರಿನ ಹೊಟ್ಟೆಯೊಳಗೆ ಭುಜದವರೆಗೆ ಕೈ ಹಾಕಬಹುದಿತ್ತು, ಅದರಡಿ ದಿನಗಟ್ಟಲೆ ಮಲಗಬಹುದಿತ್ತು. ಅದರ ಸೀಟಿನ ಮೇಲೆ ಕುಂಡಿ ಊರುವಂತಿರಲಿಲ್ಲ. ಬಿಸಿಲಿನಿಂದ ನೆರಳಿಗೆ ಕಾರು ಸರಿಸಬೇಕಾದರೆ ಗೌಡರ ಮನೆಯ ಹತ್ತು ವರ್ಷದ ಪೋರ ಸ್ಟಿಯರಿಂಗ್ ಹಿಡಿದು ಕೂರುತ್ತಿದ್ದ, ಗದ್ದೆಪ್ಪ ಹಿಂದಿನಿಂದ ದಬ್ಬುತ್ತಿದ್ದ. ಇದು ಕೇರಿಯ ಕೂಸಿಗೂ ಗೊತ್ತು. ಕೆಂಪು ಕಾರು ಬಡಿಯಿತು ಎಂದು ಒಮ್ಮೆ ರುಜುವಾದರೆ, ಬಡಿದವನು ಗೌಡ ಎಂದು ಬೇರೆ ಹೇಳಬೇಕೆ? ಸೂರ್ಯ ಮೂಡಣಕ್ಕೆ ಹುಟ್ಟಿದ ಎಂದು ಯಾರು ಬರೆದುಕೊಡುತ್ತಾರೆ?

ಮರು ಭಾನುವಾರ ಅವಳು ದೇವದುರ್ಗದ ಬಸ್ಸು ಹತ್ತಿದಳು. ಅಪ್ಪನ ಕೈಗೆ ಪ್ರಿಂಟಿನ ಪ್ರತಿ ಕೊಟ್ಟಳು. ಗದ್ದೆಪ್ಪ ಅದನ್ನು ಮೂಗಿಗೆ ತಾಕುವಷ್ಟು ಹತ್ತಿರ ಹಿಡಿದ.

"ಒಂಬತ್ತರ ಅಂಕಿ ವಾಲ್ಯದ ನೋಡು," ಎಂದ. "ಕೊಟ್ಟಿಗ್ಯಾಗ ನೀ ಅಳಾಕತ್ತಿದ್ದಿ. ಕೇಳಸತಿತ್ತು. ಕೈ ಜರದಿತ್ತು." ಕಾಗದವನ್ನು ದೂರ ಹಿಡಿದು, "ಅಷ್ಟ ತಪ್ಪಿದ್ದು. ಉಳಿದದ್ದು ನೆಟ್ಟಗ ಅದ," ಎಂದ. ಅದರಲ್ಲಿ ಕೆಲಸಗಾರನ ಜಂಬವಿತ್ತು.

ಹನುಮಂತಮ್ಮ ಕೊಡ ಹೊತ್ತು ಹೋಗುತ್ತಿದ್ದಳು. ನಾಗವೇಣಿ ಓಡಿಹೋಗಿ ಅಡ್ಡ ನಿಂತಳು. "ಅಕ್ಕಾ, ಒಂದು ಮಾತು ಕೇಳು."

"ಏನು ಬೇ? ನಿಮ್ಮಪ್ಪ ಸತ್ನೇನು?"

"ಕೇಳಬೇ. ನಿಮ್ಮವ್ವಗ ಬಡದದ್ದು ಜೀಪಲ್ಲ. ಸಬೂತು ಸಿಕ್ಕದ. ಹೈದರಾಬಾದಿನ ಮೇಡಂ ಅಚ್ಚಿನಾಗ ಹಾಕಾಕತ್ತ್ಯಾರ. ಗೌಡನ ಕೆಂಪು ಗಾಡಿ."

ಹನುಮಂತಮ್ಮ ಕೊಡ ಇಳಿಸಲಿಲ್ಲ. ಹೊಸ್ತಿಲಲ್ಲಿ ನಿಂತಿದ್ದ ಗದ್ದೆಪ್ಪನನ್ನು ಬಹಳ ಹೊತ್ತು ನೋಡಿದಳು. ಮೂವತ್ತಾರು ವರ್ಷಗಳಲ್ಲಿ ಮೊದಲ ಸಲ ಅವಳು ಅವನ ಕಡೆ ನೇರ ನೋಡಿದ್ದು.

"ಬರ್ಲಿ ಅಚ್ಚಿನಾಗ," ಎಂದಳು. "ಬಂದ ದಿನ ನಿಮ್ಮನಿಗೆ ಬಂದು ನೀರು ಕುಡಿತೀನಿ. ಆತಿಲ್ಲ?"

ಅವತ್ತಿನಿಂದ ಗದ್ದೆಪ್ಪ ದಿನವೂ ಗಡ್ಡ ಕೆರೆದುಕೊಂಡ. ಕೇರಿಯ ಬುದ್ಧವಿಹಾರದ ಕಟ್ಟೆಯ ಮೇಲೆ ಹೋಗಿ ಕೂರತೊಡಗಿದ. ಮೊದಲು ಯಾರೂ ಸರಿದು ಜಾಗ ಕೊಡುತ್ತಿರಲಿಲ್ಲ. ಈಗ ಒಬ್ಬಿಬ್ಬರು ಅರ್ಧ ಬೀಡಿ ಕೊಟ್ಟರು. "ಏನೋ ಗದ್ದೆಪ್ಪ, ಪೇಪರಿನ್ಯಾಗ ಬರ್ತಿಯಂತ? ನಮ್ಮನ್ನೂ ಜರಾ ನೆನಸ್ಕೋ," ಎಂದು ಚಾಷ್ಟಿ ಮಾಡಿದರು. ಚಾಷ್ಟಿ ಮಾಡಿಸಿಕೊಳ್ಳುವುದೂ ಎಷ್ಟು ರುಚಿ ಎಂದು ಅವನಿಗೆ ಮರೆತೇಹೋಗಿತ್ತು.

ಮಾರ್ಚಿನ ಕೊನೆಗೆ ವರದಿ ನಾಗವೇಣಿಯ ಫೋನಿಗೆ ಬಂತು. ನಲವತ್ತು ಪುಟ, ಇಂಗ್ಲಿಷು. ಅವಳಿಗೆ ಇಂಗ್ಲಿಷಿನ ಬಿಡಿ ಅಕ್ಷರ, ಅಂಕಿಗಳಷ್ಟೇ ಬರುತ್ತಿದ್ದದ್ದು. ಮಗಳು ಮೇಘಾ ಡಿಗ್ರಿ ಓದುತ್ತಾಳೆ. ಇಲ್ಲೇ ಓದೋಣ ಎಂದಳು ಮಗಳು. ನಾಗವೇಣಿ ಬೇಡ ಎಂದಳು. ಅಪ್ಪನ ಮುಂದೆ, ಕೇರಿಯ ಮುಂದೆ, ಹನುಮಂತಮ್ಮನ ಮುಂದೆ ಓದಬೇಕು.

ತಾಯಿ ಮಗಳು ದೇವದುರ್ಗಕ್ಕೆ ಬಂದಿಳಿದ ದಿನ ಗದ್ದೆಪ್ಪ ಮನೆಮನೆಗೆ ಹೋಗಿ ಕರೆದ. ಬೆಳಗಿನ ಹನ್ನೊಂದರ ಹೊತ್ತಿಗೆ ಕಟ್ಟೆ ತುಂಬಿತು. ಹನುಮಂತಮ್ಮ ಬೇವಿನ ನೆರಳಿನಲ್ಲಿ ಸೆರಗು ಹೊದ್ದು ನಿಂತಳು. ಮೇಘಾ ಓದಿ ಓದಿ ಕನ್ನಡದಲ್ಲಿ ಹೇಳತೊಡಗಿದಳು. ಕಾರು ಹುಟ್ಟಿದ ಕಾರ್ಖಾನೆ, ತಂದ ಹಡಗು, ಎಂಜಿನಿಯರನ ಹೆಸರು. "ಪೆನ್ಸಿಲ್ ಪ್ರಿಂಟ್ ತೆಗೆದವರು ನಾಗವೇಣಿ ಅಂತ ಹಾಕ್ಯಾರ ನೋಡಬೇ!" ಎಂದು ನಕ್ಕಳು. ಕೆಲವರು ಚಪ್ಪಾಳೆ ತಟ್ಟಿದರು. ಬುತ್ತಿಡಬ್ಬಿಯ ಮುಚ್ಚಳದ ಚಿತ್ರವೂ ಇತ್ತು. ಆಮೇಲೆ ಒಂದು ಪುಟಕ್ಕೆ ಬಂದು ಅವಳು ನಿಂತುಬಿಟ್ಟಳು.

"ಯಾಕ? ಓದವಾ," ಎಂದ ಗದ್ದೆಪ್ಪ.

"ತಾತಾ, ಇದು..."

"ಓದು. ಅದಕ್ಕ ಕೂಡೀವಿ ಎಲ್ಲಾರು."

ಮೇಘಾ ಓದಿದಳು. ಅವಳ ದನಿ ಒಂದೊಂದೇ ಮಾತಿಗೆ ಇಳಿಯಿತು. 1989ರ ಜನವರಿಯಲ್ಲಿ ಮನೆಯ ಡ್ರೈವರ್ ಗದ್ದೆಪ್ಪ ಎಂಬಾತ ಮಾಲೀಕರಿಗೆ ತಿಳಿಯದಂತೆ ಈ ಕಾರನ್ನು ಹೊರಗೆ ಒಯ್ದು ಓಡಿಸುವಾಗ ಒಬ್ಬ ಮಹಿಳೆ ಮೃತಪಟ್ಟಳು. ಕಾರಿನ ಜಖಂ ಮುಚ್ಚಿಡಲು ಆತನೇ ಎಡತಗಡು ಬದಲಿಸಿ ನಂಬರು ಹೊಡೆದು, ಜೀಪಿನ ಅಪಘಾತವೆಂದು ನಂಬಿಸಿದ. ಆತ ಅಪರಾಧಿಯೆಂದು ಕೋರ್ಟು ತೀರ್ಪಿತ್ತಿದೆ. ಇದು ಆತನ ಕೈಕೆಲಸವೆಂದು ಆತನ ಮಗಳೇ ದೃಢಪಡಿಸಿದ್ದಾಳೆ. ಮಾಲೀಕರಾದ ಸೂಗನಗೌಡರೂ ಇದನ್ನು ಒಪ್ಪಿದ್ದಾರೆ. ಆದ್ದರಿಂದ ಎಡತಗಡಿನ ಸಂಶಯ ಪೂರ್ತಿ ನಿವಾರಣೆಯಾಗಿದ್ದು, ಕಾರು ಅಸಲಿ.

ಕಟ್ಟೆಯ ಮೇಲಿನ ಮುದುಕನೊಬ್ಬ, "ಅಲಲಲಾ! ಜೀಪಲ್ಲ, ಕಾರೇ ಕದ್ದು ಓಡಿಸ್ಯಾನ ಮಗ. ಗಟ್ಟಿಗ ನೀ ಗದ್ದೆಪ್ಪಾ!" ಎಂದ. ಹುಡುಗರು ಹೋ ಎಂದು ನಕ್ಕರು. ಮಂದಿ ಎದ್ದು ಹೊರಟಿತು. ಹನುಮಂತಮ್ಮ ಅದಾಗಲೇ ಹೋಗಿದ್ದಳು.

ನಾಗವೇಣಿ ಅಲ್ಲೇ ನಿಂತು ಕಹಕಶಾನಳಿಗೆ ಫೋನು ಹಚ್ಚಿದಳು.

"ಏನು ಬರ್ದೀರಿ ಮೇಡಂ? ನಮ್ಮಪ್ಪ ಓಡಿಸಿದ್ದ ಅಂತ ನಾ ಎಲ್ಲಿ ಬರ್ದೀನಿ?"

"ಯಾರು ಓಡಿಸ್ತಿದ್ರು ಅಂತಾನೂ ನೀ ಬರ್ದಿಲ್ಲ, ನಾಗವೇಣಿ. ಆ ಜಾಗ ಖಾಲಿ ಇತ್ತು. ಕೋರ್ಟಿನ ಕಾಗಜ್ ಅದ, ನಿಮ್ಮಪ್ಪ ಒಪ್ಕೊಂಡಿದ್ದು ಅದ. ಗೌಡ್ರನ್ನ ಕೇಳಿದೆ, ಹೌದಂದ್ರು."

"ಗೌಡ್ರೇ ಹೇಳಿದ್ರಲ್ರಿ ನಿಮ್ಮ ಮುಂದ, ಅಪ್ಪ-ಮಗ ಬಿಟ್ರ ಆ ಸೀಟಿನ ಮ್ಯಾಲೆ ಯಾರೂ ಕುಂತಿಲ್ಲಂತ?"

"ಮಾರೋರು ಎಲ್ಲಾ ಹಂಗೇ ಅಂತಾರ. ಅದನ್ನ ನಾ ಹಿಡಿಯಂಗಿಲ್ಲ."

"ನಮ್ಮಪ್ಪನ್ನ ಆ ಗಾಡ್ಯಾಗ ಕುಂಡ್ರಾಕ ಬಿಡ್ತಿದ್ದಿಲ್ಲ ರೀ."

"ಯಾಕ? ಡ್ರೈವರ್ ಅಲ್ಲೇನು?"

"ಕೇರಿಯಾಂವ ರೀ ನಮ್ಮಪ್ಪ!"

ಕಹಕಶಾನ್ ಮೆತ್ತಗೆ ಕೇಳಿದಳು: "ಇದಕ್ಕ ಏನಾರ ಕಾಗಜ್ ಅದನಾ?"

ಸೀಟಿನ ಮೇಲೆ ಕೂರಬೇಡ ಎಂದು ಯಾವ ಗೌಡನೂ ಛಾಪಾ ಕಾಗದದ ಮೇಲೆ ಬರೆದುಕೊಟ್ಟಿರುವುದಿಲ್ಲ.

"ಕೇಳು," ಎಂದಳು ಕಹಕಶಾನ್. "ಶುಕ್ರವಾರ ಗಾಡಿ ಕೈ ಬದಲಾಗತದ. ಅಷ್ಟರಾಗ ಆ ಕಾಲದ ಇಬ್ಬರು ಸಹಿ ಮಾಡಿ ಕಳಿಸ್ಲಿ, ಗದ್ದೆಪ್ಪನ್ನ ಆ ಕಾರಿನ್ಯಾಗ ಕುಂಡ್ರಸತಿದ್ದಿಲ್ಲ, ನಾವು ಬಲ್ಲೆವು ಅಂತ. ನಾ ತಿದ್ದತೀನಿ. ಇಬ್ಬರೇ ಸಾಕು."

ಮೇಘಾ ನೋಟುಪುಸ್ತಕದ ಹಾಳೆ ಹರಿದು ನಾಲ್ಕು ಸಾಲು ಬರೆದಳು. ತಾಯಿ ಮಗಳು ಬಾಗಿಲು ಬಾಗಿಲಿಗೆ ಹೋದರು. ಗೊತ್ತಿಲ್ಲ ಎಂದವರು ಒಬ್ಬರೂ ಇಲ್ಲ. "ಹೌದವಾ, ಹಿಂದಿಂದ ದಬ್ಬತಿದ್ದ, ನಾನೂ ದಬ್ಬೀನಿ," ಎಂದ ಒಬ್ಬ. "ಒಂದ್ಸಲ ಗಾಡಿ ಬಾಗಲಕ್ಕ ಕೈ ಇಟ್ಟಿದ್ದಕ್ಕ ಹಿರಿಗೌಡ ಚಪ್ಪಲಿಲೆ ಬಡದಿದ್ದ," ಎಂದಳು ಇನ್ನೊಬ್ಬಳು. ಹಾಳೆ ಚಾಚಿದರೆ ಕೈ ಹಿಂದೆ ಹೋಗುತ್ತಿತ್ತು. ಒಬ್ಬನಿಗೆ ಗೌಡನ ಹೊಲ ಗೇಣಿಗೆ ಇತ್ತು. ಒಬ್ಬಳ ಸೊಸೆ ಗೌಡನ ಮಿಲ್ಲಿನಲ್ಲಿ ಅಕ್ಕಿ ಹಸನು ಮಾಡುತ್ತಿದ್ದಳು. ಮತ್ತೊಬ್ಬ ಎಲ್ಲ ಕೇಳಿ, "ಆಧಾರ್ ಕಾರ್ಡ್ ಕೊಡಬೇಕೇನು ಇದಕ್ಕ?" ಎಂದು ಒಳಗೆ ಹೋದವನು ಹೊರಬರಲಿಲ್ಲ.

ಕೊನೆಗೆ ನಾಲ್ಕನೆಯ ಬಾಗಿಲು. ಹನುಮಂತಮ್ಮ ಹಾಳೆಯ ಮೇಲೆ ಬರೆದದ್ದನ್ನು ಮೇಘಾಳಿಂದ ಎರಡು ಸಲ ಓದಿಸಿ ಕೇಳಿದಳು. "ನಡೀರಿ. ನಿಮ್ಮನ್ಯಾಗ ಹೇಳ್ತೀನಿ," ಎಂದು ಎದ್ದಳು.

ಗದ್ದೆಪ್ಪ ಒಳಗೆ ಗೋಡೆಗೆ ಆತು ಕೂತಿದ್ದ. ಹೊಸ್ತಿಲಲ್ಲಿ ಅವಳನ್ನು ಕಂಡು ಗಡಬಡಿಸಿ ಎದ್ದ, ಚಾಪೆ ಹಾಸಿದ. ಅವಳು ಚಾಪೆಯ ನಡುವೆ ಕೂತಳು.

"ನೀರು ಕೊಡು ಮಾವಾ."

ಮಾವಾ ಎಂಬುದು ಅವಳು ಹದಿನಾಲ್ಕು ವರ್ಷದವಳಿದ್ದಾಗ ಕರೆಯುತ್ತಿದ್ದ ಕರೆ. ಗದ್ದೆಪ್ಪ ಅಂಚಿನವರೆಗೆ ತುಂಬಿ ತಂದ ಲೋಟದಿಂದ ಕಾಲುಭಾಗ ಚಾಪೆಯ ಮೇಲೇ ಚೆಲ್ಲಿತು. ಅವಳು ಲೋಟ ಇಸಿದುಕೊಂಡು ಕಚ್ಚಿ, ಗಟಗಟ ಕುಡಿದು, ಸೆರಗಿನಿಂದ ಬಾಯಿ ಒರೆಸಿಕೊಂಡಳು. ಗದ್ದೆಪ್ಪ ಅತ್ತ. ನಾಗವೇಣಿ ಪೆನ್ನಿನ ಮುಚ್ಚಳ ತೆಗೆದಳು.

"ಅದನ್ನ ಮುಚ್ಚಬೇ," ಎಂದಳು ಹನುಮಂತಮ್ಮ. "ಸಹಿ ನಾ ಮಾಡಂಗಿಲ್ಲ. ನನ್ನ ಮಗ ಅಂಬರೇಶ ಗೌಡನ ಮಿಲ್ಲಿನ್ಯಾಗ ಹಮಾಲಿ ಅದಾನ. ಮೊಮ್ಮಕ್ಕಳು ಮೂರು."

"ಮತ್ತ ನಿಮ್ಮವ್ವ, ಅಕ್ಕಾ? ಯಾರು ಕೊಂದ್ರು ಅಂತ ಗೊತ್ತಾಗಬಾರದಾ?"

"ಗೊತ್ತಿಲ್ಲೇನು ನಂಗ?" ಅವಳು ಗದ್ದೆಪ್ಪನ ಕಡೆಗೆ ತಿರುಗಿದಳು. "ಅವತ್ತ ಗೊತ್ತಿತ್ತು ಮಾವಾ. ನಾ ಹಿಂದ ಬರಾಕತ್ತಿದ್ದೆ, ನೂರು ಮಾರು ದೂರ. ಕೆಂಪು ಗಾಡಿ ಕಂಡೀನಿ. ಒಳಗ ಕುಂತಾಂವನ್ನೂ ಕಂಡೀನಿ."

"ಮತ್ತ ಮೂವತ್ತಾರು ವರ್ಷ..." ಎಂದ ಗದ್ದೆಪ್ಪ.

"ಏನು ಮಾಡ್ಲಿ? ನಮ್ಮವ್ವ ಸತ್ತಿದ್ಳು. ಯಾರಿಗಾರ ಬೈಬೇಕಿತ್ತು, ಯಾರ ಮಾರಿಗಾರ ಉಗಳಬೇಕಿತ್ತು. ಗೌಡಗ ಬೈದ್ರ ಕೂಲಿ ಹೋಗತಿತ್ತು. ನಿನಗ ಬೈದ್ರ ಏನೂ ಹೋಗತಿದ್ದಿಲ್ಲ. ನೀ ಸನೇಕ ಇದ್ದಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ನಾಚಿಕೆಯೂ ಇರಲಿಲ್ಲ, ಸಂತೆಗೆ ಯಾವ ದಾರಿ ಹತ್ತಿರ ಎಂದು ಹೇಳುವ ದನಿ. "ಇನ್ನ ಬೈಯಂಗಿಲ್ಲ ಬಿಡು. ಆ ಸಿಟ್ಟೂ ಮುದುಕ್ಯಾಗ್ಯದ. ನೀರಿಗೇನು, ದಿನಾ ಬಂದು ಕುಡಿತೀನಿ. ಕಾಗದ ಮಾತ್ರ ಕೇಳಬ್ಯಾಡ್ರಿ."

ನಾಗವೇಣಿ ಹಾಳೆಯನ್ನು ಮುದ್ದೆ ಮಾಡಿ ಎದ್ದಳು. ಅವಳಿಗೆ ಆ ಹೆಂಗಸಿನ ಕೂದಲು ಹಿಡಿದು ಹೊಸ್ತಿಲಾಚೆ ಎಳೆಯಬೇಕೆನ್ನಿಸಿತು. ಅಪ್ಪ ಹೇಳಿದರೆ ಎಳೆದೇ ಬಿಡುತ್ತೇನೆ ಎಂದು ಅವನ ಮುಖ ನೋಡಿದಳು.

ಗದ್ದೆಪ್ಪ ಖಾಲಿ ಲೋಟವನ್ನು ನೆಲದಿಂದ ಎತ್ತಿಕೊಂಡಿದ್ದ. ಆಮೇಲೆ ಹನುಮಂತಮ್ಮನ ಎದುರು ಸ್ವಲ್ಪ ಬಾಗಿ, ಗೌಡರ ಅಂಗಳದಲ್ಲಿ ಮಾತಾಡುತ್ತಿದ್ದ ಸಣ್ಣ ದನಿಯಲ್ಲಿ ಕೇಳಿದ:

"ಇನ್ನೊಂದು ಲೋಟ ತರ್ಲೇನವಾ?"

"ತಾ," ಎಂದಳು ಹನುಮಂತಮ್ಮ. "ಬಿಸಲು ಭಾಳ ಅದ."